ಶಾರ್ಡೊನೆ ವೈನಿನ ರುಚಿ ಪರೀಕ್ಷೆಯೂ ನಮ್ಮ ಕಾಫಿಯ ದರವೂ



ಬರುವ ಕೊಯ್ಲಿನಿಂದ ಸಂಘದ ಉಗ್ರಾಣದಲ್ಲಿ ಕಾಫಿಯನ್ನು ಒಟ್ಟು ರಾಶಿ ಹಾಕದೆ, ಸದಸ್ಯವಾರು ಬೇರೆಯಾಗಿರಿಸಿ, ರುಚಿ ನೋಡಿದ ಮೇಲೆಯೇ ದರ್ಜೆ ಗೊತ್ತು ಮಾಡಬೇಕೆಂದು ಆಡಳಿತ ಮಂಡಳಿಯು ನಿರ್ಣಯ ಮಾಡಿರುವುದು ತಮಗೆ ತಿಳಿದಿದೆ. ಈ ಕುರಿತು ಮಹಾಸಭೆಯಲ್ಲಿ ಎರಡು ಬಗೆಯ ಮಾತು ಬಂತು. ಹಣ್ಣನ್ನೇ ಆರಿಸಿ ಕೊಯ್ದವನಿಗೂ ಹಸಿರುಕಾಯಿ ಸಮೇತ ಉದುರಿಸಿ ತಂದವನಿಗೂ ಒಂದೇ ದರ ಕೊಡುವುದು ನ್ಯಾಯವೇ ಎಂದು ಕೆಲವರು ಕೇಳಿದರು. ಸಹಕಾರವೆಂದರೆ ಎಲ್ಲರದೂ ಒಂದೇ ರಾಶಿ, ರುಚಿಯ ಹೆಸರಿನಲ್ಲಿ ಮೇಲುಕೀಳು ಮಾಡಿದರೆ ಸಂಘವೇ ಒಡೆದೀತು ಎಂದು ಇನ್ನು ಕೆಲವರು ಹೇಳಿದರು. ಎರಡೂ ಮಾತಿನಲ್ಲಿ ಹುರುಳಿದೆ. ಆದ್ದರಿಂದ ರುಚಿಗೆ ಬೆಲೆ ಕಟ್ಟುವ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವ ಒಂದು ಬೆಳೆಯ ಕಥೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ. ಆ ಬೆಳೆ ದ್ರಾಕ್ಷಿ. ಅದರಲ್ಲಿಯೂ ಶಾರ್ಡೊನೆ ಎಂಬ ಬಿಳಿ ವೈನಿನ ತಳಿ.

ಮೂಕಾಂಬಿಕೆಯ ಊರಿನ ಸಂಘದ ಪತ್ರಿಕೆಯಲ್ಲಿ ವೈನಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಕುಡಿಯಿರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ವೃತ್ತಿಯಿಂದ ರುಚಿ ನೋಡುವವರು ಬಾಯಿಗೆ ಹಾಕಿದ್ದನ್ನು ಉಗುಳಿಬಿಡುತ್ತಾರೆ. ನಮಗೆ ಬೇಕಾದುದು ಮದ್ಯವಲ್ಲ, ಅದನ್ನು ಬೆಳೆದವರು ತಮ್ಮ ಬೆಳೆಗೆ ಬೆಲೆ ತಂದುಕೊಂಡ ಕ್ರಮ.

ನಮಗೂ ದ್ರಾಕ್ಷಿ ತೋಟಕ್ಕೂ ಹಳೆಯ ಸಂಬಂಧ

ದ್ರಾಕ್ಷಿ ಬೆಳೆಗಾರನಿಗೆ ನಾವು ಒಂದು ದೊಡ್ಡ ಋಣದಲ್ಲಿದ್ದೇವೆ. ಪ್ರತಿ ಮಳೆಗಾಲಕ್ಕೆ ಮೊದಲು ಕೊಳೆರೋಗ ತಡೆಯಲು ನಾವು ಅಡಿಕೆ ಗೊನೆಗಳಿಗೆ ಹೊಡೆಸುವ ಬೋರ್ಡೊ ದ್ರಾವಣವು ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿ ತೋಟಗಳಿಂದ ಬಂದದ್ದು. ಅಲ್ಲಿ ದಾರಿಬದಿಯ ಬಳ್ಳಿಗಳ ಹಣ್ಣನ್ನು ಹೋಗಿಬರುವವರು ಕದಿಯದಿರಲೆಂದು ರೈತರು ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿ ಎಲೆಗೆ ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಎಲೆಯ ಬೂಜುರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಇದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ದ್ರಾಕ್ಷಿಯ ಬೂಜಿಗೂ ಅಡಿಕೆಯ ಕೊಳೆಗೂ ಕಾರಣವಾದ ಜೀವಿಗಳು ಒಂದೇ ವರ್ಗಕ್ಕೆ ಸೇರಿದುವು. ಕಳ್ಳರ ಮೇಲಿನ ಸಿಟ್ಟಿನಿಂದ ಹುಟ್ಟಿದ ಮದ್ದು ಹೀಗೆ ನಮ್ಮ ತೋಟಗಳನ್ನು ಉಳಿಸಿತು. ದ್ರಾಕ್ಷಿಯವರಿಂದ ಇನ್ನೊಂದು ಪಾಠ ಕಲಿತರೆ ನಮಗೇನೂ ನಷ್ಟವಿಲ್ಲ.

ಶಾರ್ಡೊನೆಯ ಕುಲಗೋತ್ರ

ಶಾರ್ಡೊನೆಯ ತವರು ಫ್ರಾನ್ಸಿನ ಬರ್ಗಂಡಿ ಪ್ರಾಂತ. ಅಲ್ಲಿ ಈ ಹೆಸರಿನ ಒಂದು ಹಳ್ಳಿಯೂ ಇದೆ. ಬಹುಕಾಲ ಇದನ್ನು ಉಚ್ಚ ಕುಲದ ದ್ರಾಕ್ಷಿಯೆಂದು ಹೊಗಳುತ್ತಿದ್ದರು. 1999ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಸೇರಿ ತಳಿಗಳ ಡಿಎನ್‌ಎ ಪರೀಕ್ಷಿಸಿದಾಗ ನಿಜ ಹೊರಬಿತ್ತು. ಶಾರ್ಡೊನೆಯ ಹೆತ್ತವರಲ್ಲಿ ಒಂದು ಹೆಸರಾಂತ ಪಿನೋ. ಇನ್ನೊಂದು ಗುವೆ ಬ್ಲಾಂ, ಅಂದರೆ ಬಡ ರೈತರ ಹಿತ್ತಲಿನ ತಳಿ, ಕೀಳೆಂದು ಕಿತ್ತುಹಾಕಬೇಕೆಂದು ಹಿಂದೆ ಆಜ್ಞೆಗಳು ಹೊರಟಿದ್ದಂಥದು. ರೊಬಸ್ಟಾ ಕಾಫಿಯನ್ನು ಕೀಳು ಜಾತಿಯೆಂದು ಎಣಿಸುವವರು ಇದನ್ನು ನೆನಪಿನಲ್ಲಿಡಬೇಕು.

ಶಾರ್ಡೊನೆಗೆ ತನ್ನದೇ ಆದ ಗಾಢ ಪರಿಮಳ ಕಡಿಮೆ. ಅದು ಬೆಳೆದ ನೆಲ, ಹವೆ ಮತ್ತು ತಯಾರಿಸಿದ ಕೈಗಳ ಗುಣವನ್ನು ಬೇಗ ಹಿಡಿದುಕೊಳ್ಳುತ್ತದೆ. ತಂಪು ಹವೆಯಲ್ಲಿ ಬೆಳೆದರೆ ಹುಳಿ ಸೇಬು, ಲಿಂಬೆಯ ರುಚಿ. ಬಿಸಿಲು ಹೆಚ್ಚಾದರೆ ಅನಾನಸು, ಮಾವಿನಂಥ ಹಣ್ಣುಗಳ ರುಚಿ. ಆದುದರಿಂದಲೇ ತೋಟದ ಹೆಸರು ಹೇಳಿ ಮಾರಲು ಇದರಷ್ಟು ಅನುಕೂಲವಾದ ದ್ರಾಕ್ಷಿ ಇನ್ನೊಂದು ಸಿಗುವುದು ಕಷ್ಟ.

ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಹಳೆಯದು. ಫ್ರೆಂಚ್ ವೈನ್ ತಳಿಗಳು ಬಂದುದು ಇತ್ತೀಚೆಗೆ. ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1980ರ ದಶಕದಲ್ಲಿ ಹಲವು ತಳಿಗಳನ್ನು ಪ್ರಯೋಗಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಬುಡದಲ್ಲಿ, ಗ್ರೋವರ್ ವಿನ್‌ಯಾರ್ಡ್ಸ್ ಸ್ಥಾಪಿಸಿದರು. ಹಂಪಿ ಬೆಟ್ಟಗಳ ಹೆಸರಿನಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳ ಕ್ರಿಸ್ಮಾ ಎಸ್ಟೇಟು ಶಾರ್ಡೊನೆಯನ್ನೂ ಬೆಳೆದಿದೆ. ರಾಜ್ಯ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ಇದಕ್ಕಾಗಿ ದ್ರಾಕ್ಷಾರಸ ಮಂಡಳಿಯನ್ನೂ ರಚಿಸಿತು.

ಯೂರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ಕಡೆಯವರು ಇದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಸುಮಾರಿಗೆ ಕಡ್ಡಿಗಾಗಿ ಒಂದು, ಮಳೆ ಹಿಂದೆಗೆಯುವಾಗ ಹಣ್ಣಿಗಾಗಿ ಇನ್ನೊಂದು. ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲು. ರಾತ್ರಿ ತಂಪಿರಬೇಕು, ಏಕೆಂದರೆ ಸೆಕೆಯಲ್ಲಿ ಹಣ್ಣಿನೊಳಗಿನ ಹುಳಿ ಬೇಗ ಕರಗಿಹೋಗುತ್ತದೆ. ಹುಳಿ ಹೋದ ಶಾರ್ಡೊನೆ ಸಪ್ಪೆ. ನಮ್ಮ ಕೊಲ್ಲೂರು ಸೀಮೆಯ ಮಳೆಗೂ ತೇವಕ್ಕೂ ಈ ಬಳ್ಳಿ ಹೇಳಿದ್ದಲ್ಲ. ಯಾರೂ ಸಸಿ ತರಲು ಹೊರಡಬೇಡಿ.

ತಯಾರಿಕೆಯ ಮೂರು ಮೆಟ್ಟಿಲು

ರುಚಿ ಎಲ್ಲಿಂದ ಬರುತ್ತದೆಂದು ತಿಳಿಯಲು ತಯಾರಿಕೆಯನ್ನು ಸ್ವಲ್ಪ ತಿಳಿಯಬೇಕು.

ಮೊದಲನೆಯದು ರಸ ಹಿಂಡುವುದು. ಕೆಂಪು ವೈನಿಗೆ ಸಿಪ್ಪೆ, ಬೀಜಗಳ ಸಹಿತ ಹುದುಗು ಬರಿಸುತ್ತಾರೆ, ಆದ್ದರಿಂದ ಅದರಲ್ಲಿ ಟ್ಯಾನಿನ್ ಹೆಚ್ಚು. ಟ್ಯಾನಿನ್ ಎಂದರೆ ನಾವು ಒಗರು ಎನ್ನುವುದು. ಅಡಿಕೆ ಬೇಯಿಸಿದ ಚೊಗರನ್ನು ಕಂಡವರಿಗೆ ಇದನ್ನು ಬೇರೆ ಹೇಳಿಕೊಡಬೇಕಾದುದಿಲ್ಲ. ಶಾರ್ಡೊನೆಯಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಒಗರು ಬಹಳ ಕಡಿಮೆ.

ಎರಡನೆಯದು ಹುದುಗು. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಗೆ ಶೇಕಡಾ 1 ಮದ್ಯಸಾರ ಎಂಬುದು ಲೆಕ್ಕ. 220 ಗ್ರಾಂ ಇದ್ದರೆ ಶೇಕಡಾ 13ರ ಆಸುಪಾಸು. ಇದಾದ ಮೇಲೆ ಕೆಲವರು ಇನ್ನೊಂದು ಹುದುಗಿಗೆ ಬಿಡುತ್ತಾರೆ. ಆಗ ಹಾಲನ್ನು ಮೊಸರು ಮಾಡುವವುಗಳ ಬಳಗದ ಸೂಕ್ಷ್ಮಜೀವಿಗಳು ಸೇಬಿನ ಚುರುಕು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಮೊಸರಿನ ಮೆದು ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಜೊತೆಗೆ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ. ಬೆಣ್ಣೆಯ ಪರಿಮಳಕ್ಕೂ ಇದೇ ಮುಖ್ಯ ಕಾರಣ.

ಮೂರನೆಯದು ಓಕ್ ಮರದ ಪೀಪಾಯಿ. ಬರ್ಗಂಡಿಯ ಪೀಪಾಯಿ 228 ಲೀಟರಿನದು. ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುವುದರಿಂದ ಮರದಿಂದ ವೆನಿಲ್ಲಾದ ಮತ್ತು ಹುರಿದ ಪದಾರ್ಥದ ಪರಿಮಳ ಇಳಿಯುತ್ತದೆ. ಹೊಸ ಪೀಪಾಯಿ ದುಬಾರಿ. ಐಷಾರಾಮಿ ಎಸ್ಟೇಟುಗಳ ಬಾಟಲಿಯ ಬೆಲೆಯಲ್ಲಿ ಇದರ ಪಾಲೂ ಸೇರಿರುತ್ತದೆ.

ರುಚಿ ನೋಡುವ ಕ್ರಮ

ನಮ್ಮ ಸಂಘದ ನಾಲ್ವರು ಕಾಫಿ ರುಚಿ ಪರೀಕ್ಷೆಯ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ, ಹೋಲಿಕೆಗಾಗಿ ಒಂದು ಸಂಜೆ ನಮ್ಮ ರಾಜ್ಯದ್ದೇ ಒಂದು ಎಸ್ಟೇಟಿನ ಶಾರ್ಡೊನೆಯನ್ನು ಇಟ್ಟಿದ್ದರು. ಮದ್ಯದ ಜಾಹೀರಾತು ನಮ್ಮ ಪತ್ರಿಕೆಯ ಕೆಲಸವಲ್ಲವಾದ್ದರಿಂದ ಹೆಸರು ಬೇಡ. ಬಾಟಲಿಗೆ ಕಾಗದ ಸುತ್ತಿತ್ತು. ವೈನು ಸುಮಾರು 12 ಡಿಗ್ರಿಯಷ್ಟು ತಂಪಾಗಿತ್ತು. ತೀರ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಬೆಚ್ಚಗಾದರೆ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ.

ಮೊದಲು ಕಣ್ಣು. ಲೋಟವನ್ನು ಬಿಳಿಯ ಕಾಗದದ ಮುಂದೆ ಹಿಡಿದು ನೋಡಬೇಕು. ಒಣಹುಲ್ಲಿನ ತೆಳು ಹಳದಿ ಬಣ್ಣವಿತ್ತು, ತಿಳಿಯಾಗಿತ್ತು. ಎರಡನೆಯದು ಮೂಗು. ಅಲುಗಿಸದೆ ಒಮ್ಮೆ, ಲೋಟವನ್ನು ತಿರುಗಿಸಿ ಇನ್ನೊಮ್ಮೆ ಮೂಸಬೇಕು. ತರಬೇತಿ ಕೊಡುವವರು ಪೀಚ್, ಹೇಜಲ್‌ನಟ್ ಮುಂತಾದ ಪದಗಳ ಪಟ್ಟಿ ಕೊಟ್ಟಿದ್ದರು. ನಮ್ಮಲ್ಲಿ ಯಾರೂ ಅವನ್ನು ತಿಂದು ಬೆಳೆದವರಲ್ಲ. ನಮ್ಮೊಡನಿದ್ದ ಹಿರಿಯ ಸದಸ್ಯರು ಮದ್ಯ ಮುಟ್ಟುವವರಲ್ಲ. ಅವರು ಮೂಸಿ ನೋಡಿ, "ಇದ್ ಬೆಣ್ಣಿ ಕಾಸುವತಿಗೆ ಬಪ್ಪು ಪರಿಮಳ ಅಲ್ದಾ ಮಾರಾಯ್ರೆ?" ಎಂದರು. ತರಬೇತಿ ಕೊಡುವವರು ಮೇಜಿನಿಂದ ಎದ್ದು ಬಂದು ಅವರ ಕೈಕುಲುಕಿದರು. ಎರಡನೆಯ ಹುದುಗನ್ನು ಅವರು ಬರಿಯ ಮೂಗಿನಿಂದ ಕಂಡುಹಿಡಿದಿದ್ದರು.

ಮೂರನೆಯದು ಬಾಯಿ. ಒಂದು ಗುಟುಕನ್ನು ಗಾಳಿಯೊಡನೆ ಒಳಗೆಳೆದು, ನಾಲಿಗೆಯ ಮೇಲೆಲ್ಲ ಹರಡಿ, ಉಗುಳಬೇಕು. ಹುಳಿ ಎಷ್ಟು, ಸಿಹಿ ಉಂಟೋ, ಒಗರು ಉಂಟೋ, ಮೈ ತೆಳುವೋ ದಪ್ಪವೋ ಎಂದು ಒಂದೊಂದನ್ನೇ ಬೇರೆ ಬೇರೆ ಬರೆಯಬೇಕು. ಅದರ ಹುಳಿ ಲಿಂಬೆಯಷ್ಟು ಚುರುಕಲ್ಲ, ಕಂಚಿಹುಳಿಯಂತೆ ದುಂಡಗಿತ್ತು. ಮಾಗಿದ ಅನಾನಸಿನ ರುಚಿ, ಹಿಂದಿನಿಂದ ಸ್ವಲ್ಪ ಸುಟ್ಟ ಮರದ ವಾಸನೆ. ನಾಲ್ಕನೆಯದು ಉಗುಳಿದ ಮೇಲೆ ಉಳಿಯುವುದು. ಒಳ್ಳೆಯದರ ರುಚಿ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಆರು ರಸಗಳನ್ನು ಹೆಸರಿಟ್ಟು ಬೇರ್ಪಡಿಸುವುದು ನಮ್ಮ ಮನೆಗಳಲ್ಲಿ ಬಾಲ್ಯದ ಪಾಠ. ಒಂದೊಂದು ಅಪ್ಪೆಮಿಡಿ ಮರದ ಸೊನೆಯ ವಾಸನೆಯನ್ನು ಬೇರೆ ಬೇರೆಯಾಗಿ ಗುರುತಿಸುವ ಹೆಂಗಸರು ನಮ್ಮ ಅಡುಗೆಮನೆಗಳಲ್ಲಿದ್ದಾರೆ. ಈ ವಿದ್ಯೆಗೆ ಬೇಕಾದ ಬಂಡವಾಳ ನಮ್ಮಲ್ಲಿದೆ. ಇಲ್ಲದಿರುವುದು ಬರೆದಿಡುವ ಅಭ್ಯಾಸವೊಂದೇ.

ನಾಲಿಗೆಗೆ ಆಗುವ ಮೋಸ

ಹಾಗೆಂದು ರುಚಿಗಾರರ ಮಾತೆಲ್ಲ ವೇದವಾಕ್ಯವಲ್ಲ. ಬೋರ್ಡೊದಲ್ಲಿ 54 ಮಂದಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಪದಗಳಿಂದಲೇ ವರ್ಣಿಸಿದರೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬಣ್ಣ ಹಾಕಿದ ಕೆಂಪಡಿಕೆಯನ್ನು ಕಂಡು ಮರುಳಾದವರನ್ನು ನಾವು ಬಲ್ಲೆವಷ್ಟೆ. ಕ್ಯಾಲಿಫೋರ್ನಿಯಾದ ವೈನ್ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯದನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದರು. ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ಮೂರು ಸಲವೂ ಒಂದೇ ಮಟ್ಟದ ಅಂಕ ಕೊಟ್ಟರೆಂದು 2008ರಲ್ಲಿ ರಾಬರ್ಟ್ ಹಾಜ್‌ಸನ್ ಅವರು ಬರೆದರು.

ಹೆಸರಿನ ಭ್ರಮೆ ಇನ್ನೂ ದೊಡ್ಡದು. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬವರು ಬರ್ಗಂಡಿಯ ನಾಲ್ಕು ಮತ್ತು ಕ್ಯಾಲಿಫೋರ್ನಿಯಾದ ಆರು ಶಾರ್ಡೊನೆಗಳನ್ನು ಹೆಸರು ಮುಚ್ಚಿ ಒಂಬತ್ತು ಜನ ಫ್ರೆಂಚ್ ತೀರ್ಪುಗಾರರ ಮುಂದಿಟ್ಟರು. ಮೊದಲ ಸ್ಥಾನ ಬಂದುದು ಅಂದು ಹೆಚ್ಚು ಜನ ಕೇಳಿರದಿದ್ದ ಕ್ಯಾಲಿಫೋರ್ನಿಯಾದ ಶಾಟೊ ಮಾಂಟೆಲೀನದ 1973ರ ಶಾರ್ಡೊನೆಗೆ. ಹೆಸರು ಕಾಣಿಸಿದ್ದರೆ ಅದು ಬರುತ್ತಿತ್ತೇ ಎಂಬುದು ಸಂಶಯ.

ಇದರಿಂದ ಎರಡು ಮಾತು ಸಿದ್ಧಪಡುತ್ತದೆ. ಹೆಸರು ಮುಚ್ಚದೆ ನೋಡಿದ ರುಚಿಗೆ ಬೆಲೆಯಿಲ್ಲ. ಒಬ್ಬನೇ ಒಂದೇ ಸಲ ನೋಡಿದ ರುಚಿಗೂ ಬೆಲೆಯಿಲ್ಲ. ಉಗ್ರಾಣದಲ್ಲಿ ಕಾರ್ಯದರ್ಶಿಗೆ ಬೇಕಾದವರಿಗೆ ಹೆಚ್ಚು ದರ್ಜೆ ಸಿಕ್ಕೀತು ಎಂಬ ಅಂಜಿಕೆಗೆ ಇದೇ ಉತ್ತರ. ಮಾದರಿಗಳಿಗೆ ಅಂಕಿ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ. ಮೂವರು ನೋಡುತ್ತಾರೆ, ಎರಡು ಸಲ ನೋಡುತ್ತಾರೆ.

ಸಹಕಾರ ಸಂಘವೂ ಶಾರ್ಡೊನೆಯೂ

ಐಷಾರಾಮಿ ಎಸ್ಟೇಟು ಬಂಡವಾಳಗಾರರ ಆಟ, ಎಕರೆ ಎರಡೆಕರೆಯ ನಮಗೇನು ಎನ್ನುವವರಿಗೆ ಶಾಬ್ಲಿ ಊರಿನ ಕಥೆ ಹೇಳಬೇಕು. ಬರ್ಗಂಡಿಯ ಉತ್ತರ ತುದಿಯ ಈ ಊರಿನಲ್ಲಿ ಬೆಳೆಯುವುದು ಶಾರ್ಡೊನೆಯೊಂದನ್ನೇ. ಸಣ್ಣ ಸಣ್ಣ ಸಿಂಪಿಯ ಚಿಪ್ಪುಗಳು ಹುದುಗಿರುವ ಸುಣ್ಣದ ಮಣ್ಣು. ಅಲ್ಲಿಯ ಬೆಳೆಗಾರರು 1923ರಲ್ಲಿ ಲಾ ಶಾಬ್ಲಿಸಿಯೆನ್ ಎಂಬ ಸಹಕಾರ ಸಂಘ ಕಟ್ಟಿದರು. ಅದು ಈಗಲೂ ಆ ಸೀಮೆಯ ವೈನಿನ ಒಂದು ದೊಡ್ಡ ಪಾಲನ್ನು ತಯಾರಿಸುತ್ತದೆ.

ಆ ಸಂಘ ಎಲ್ಲರ ರಸವನ್ನೂ ಒಂದೇ ತೊಟ್ಟಿಗೆ ಸುರಿಯುವುದಿಲ್ಲ. ಪೆಟಿ ಶಾಬ್ಲಿ, ಶಾಬ್ಲಿ, ಪ್ರಮ್ಯೆ ಕ್ರೂ, ಗ್ರಾಂ ಕ್ರೂ ಎಂದು ನೆಲದ ಪ್ರಕಾರ ನಾಲ್ಕು ಮಟ್ಟ. ಒಂದೊಂದರ ರಸ ಬೇರೆ, ಹೆಸರು ಬೇರೆ, ಬೆಲೆ ಬೇರೆ. ಬೇರ್ಪಡಿಸಿದ್ದರಿಂದ ಆ ಸಂಘ ಒಡೆಯಲಿಲ್ಲ. ನೂರು ವರ್ಷ ದಾಟಿದೆ. ರಾಶಿಯನ್ನು ಒಂದು ಮಾಡುವುದಷ್ಟೇ ಸಹಕಾರವಲ್ಲ. ಒಬ್ಬೊಬ್ಬನಿಂದ ಆಗದ ಉಗ್ರಾಣ, ಪ್ರಯೋಗಾಲಯ ಮತ್ತು ಮಾರುವ ಬಲವನ್ನು ಒಂದು ಮಾಡುವುದು ಸಹಕಾರದ ತಿರುಳು ಎಂಬುದು ನಮ್ಮ ಅಭಿಪ್ರಾಯ.

ಕಾಫಿಗೆ ಇದರ ಅನ್ವಯ

ಹಿರಿಯ ಸದಸ್ಯರಿಗೆ ಪೂಲ್ ಪದ್ಧತಿ ನೆನಪಿದ್ದೀತು. 1942ರ ಕಾಫಿ ಕಾಯಿದೆಯ ಆ ಕಾಲದಲ್ಲಿ ಬೆಳೆದುದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಮಾರುವ ಚಿಂತೆ ಇರಲಿಲ್ಲ, ತನ್ನ ಕಾಫಿಯ ರುಚಿ ಎಂಥದೆಂದು ತಿಳಿಯುವ ಅಗತ್ಯವೂ ಬೆಳೆಗಾರನಿಗೆ ಇರಲಿಲ್ಲ. 1992ರಲ್ಲಿ ಶೇಕಡಾ 30ರಷ್ಟನ್ನು ದೇಶದೊಳಗೆ ತಾನೇ ಮಾರುವ ಸ್ವಾತಂತ್ರ್ಯ ಬಂತು. 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಬಂತು. ಸ್ವಾತಂತ್ರ್ಯ ಬಂದರೂ ನಮ್ಮಲ್ಲಿ ಅನೇಕರು ಇಂದಿಗೂ ಚೀಲದ ತೂಕವನ್ನೇ ಮಾರುತ್ತಿದ್ದೇವೆ. ಅತ್ತ ಕೊಡಗು, ಚಿಕ್ಕಮಗಳೂರು, ಬಾಬಾಬುಡನಗಿರಿ ಅರೇಬಿಕಾಗಳು 2019ರಲ್ಲಿ ಭೌಗೋಳಿಕ ಗುರುತು ಪಡೆದುವು. ಅಡಿಕೆಯಲ್ಲಿ ಶಿರಸಿ ಸುಪಾರಿಗೂ ಅದೇ ವರ್ಷ ಅದು ದೊರೆಯಿತು.

ಕಾಫಿಯ ರುಚಿ ಪರೀಕ್ಷೆಗೂ ಗೊತ್ತಾದ ಕ್ರಮವಿದೆ. ಹದವಾಗಿ ಹುರಿದು ಪುಡಿಮಾಡಿದ 8.25 ಗ್ರಾಂ ಕಾಫಿಗೆ 150 ಮಿಲಿಲೀಟರ್ ನೀರು, ಸುಮಾರು 93 ಡಿಗ್ರಿ ಬಿಸಿ. ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಯನ್ನು ಚಮಚದಿಂದ ಒಡೆದು ಮೂಸಬೇಕು. ಆಮೇಲೆ ಚಮಚದಿಂದ ಸುರ್ರೆಂದು ಹೀರಿ ಉಗುಳಬೇಕು. ಒಂದೊಂದು ಮಾದರಿಯಲ್ಲಿ ಐದೈದು ಬಟ್ಟಲು ಇಡುತ್ತಾರೆ. ಒಂದು ಬಟ್ಟಲಿನಲ್ಲಿ ಕೆಟ್ಟ ವಾಸನೆ ಬಂದರೂ ಅದು ಚೀಲದೊಳಗಿನ ಬೆರಕೆಯನ್ನು ಹೇಳುತ್ತದೆ. ನೂರಕ್ಕೆ 80 ಅಂಕ ದಾಟಿದುದಕ್ಕೆ ವಿಶೇಷ ಕಾಫಿಯ ಮಾರುಕಟ್ಟೆಯಲ್ಲಿ ಪ್ರವೇಶ.

ನಮ್ಮದು ತಗ್ಗಿನ ಊರು, ಅಡಿಕೆಯ ನೆರಳಿನ ರೊಬಸ್ಟಾ. ಬೆಟ್ಟದ ಅರೇಬಿಕಾದ ಹುಳಿ, ಪರಿಮಳ ಇದರಲ್ಲಿ ಬರಲಾರದು. ಆದರೆ ರೊಬಸ್ಟಾ ಪಾರ್ಚ್‌ಮೆಂಟಿನಿಂದಲೇ ಆರಿಸಿದ 'ರೊಬಸ್ಟಾ ಕಾಪಿ ರಾಯಲ್' ಎಂಬ ವಿಶೇಷ ದರ್ಜೆಗೆ ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆ. ಘಟ್ಟದ ಮೇಲೂ ಕೆಳಗೂ ಎಲೆಚುಕ್ಕೆ ರೋಗ ಅಡಿಕೆಯನ್ನು ಕಾಡುತ್ತಿದೆ. ಅಡಿಕೆ ಆರೋಗ್ಯಕ್ಕೆ ಹಾನಿಕರವೆಂಬ ಮಾತೂ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದಂದಿನಿಂದ ತಲೆಯ ಮೇಲೆ ತೂಗುತ್ತಿದೆ. ಇಂಥ ಹೊತ್ತಿನಲ್ಲಿ ಮರಗಳ ನಡುವಿನ ಕಾಫಿಯನ್ನು ಬರಿಯ ಉಪಬೆಳೆಯೆಂದು ಕಡೆಗಣಿಸುವುದು ಜಾಣತನವಲ್ಲ.

ಸದಸ್ಯರು ಮಾಡಬೇಕಾದುದು

1. ಕೆಂಪಾದ ಹಣ್ಣನ್ನು ಮಾತ್ರ ಕೊಯ್ಯಿರಿ. ಹಸಿರು, ಉದುರಿದ ಹಣ್ಣುಗಳನ್ನು ಬೇರೆ ಚೀಲದಲ್ಲಿಡಿ.

2. ಕೊಯ್ದ ದಿನವೇ ಹರಡಿ. ರಾತ್ರಿಯಿಡೀ ಚೀಲದಲ್ಲಿ ಬಿಟ್ಟ ಹಣ್ಣು ತಾನೇ ಹುದುಗಿ ಹುಳಿ ವಾಸನೆ ಹಿಡಿಯುತ್ತದೆ. ಬರಿ ಮಣ್ಣಿನ ಮೇಲೆ ಒಣಗಿಸಬೇಡಿ.

3. ಅಡಿಕೆಯೊಡನೆ ಒಂದೇ ಅಂಗಳದಲ್ಲಿ ಬೆರೆಸಿ ಒಣಗಿಸಬೇಡಿ. ಗೊಬ್ಬರ, ಔಷಧಿ, ಸೀಮೆಎಣ್ಣೆ, ಹೊಗೆ ಇವುಗಳ ಹತ್ತಿರ ಇಡಬೇಡಿ. ಕಾಫಿಬೀಜ ಎಲ್ಲ ವಾಸನೆಯನ್ನೂ ಹೀರುತ್ತದೆ.

4. ತೇವಾಂಶ ಶೇಕಡಾ 11ರ ಆಸುಪಾಸಿಗೆ ಇಳಿದ ಮೇಲೆ ತನ್ನಿ. ಉಗ್ರಾಣದಲ್ಲಿ ಅಳೆಯುವ ಯಂತ್ರವಿದೆ.

5. ಚೀಲಕ್ಕೆ ಚೀಟಿ ಕಟ್ಟಿ, ಕೊಯ್ದ ತಾರೀಕು ಮತ್ತು ತೋಟದ ಭಾಗವನ್ನು ಬರೆಯಿರಿ.

6. ಅರ್ಧ ಕಿಲೊ ಮಾದರಿಯನ್ನು ಬೇರೆಯಾಗಿ ಕೊಡಿ. ಅದಕ್ಕೆ ಅಂಕಿ ಹಾಕಿ ಪರೀಕ್ಷೆಗೆ ಇಡಲಾಗುವುದು. ಫಲಿತಾಂಶವನ್ನು ಕಾರಣ ಸಮೇತ ಬರೆದು ಕೊಡಲಾಗುವುದು.

ಯಾವ ದರ್ಜೆ ಬಂದರೂ ಸಾಮಾನ್ಯ ದರ ಎಲ್ಲರಿಗೂ ಒಂದೇ. ಅದರಲ್ಲಿ ಕಡಿತವಿಲ್ಲ. ರುಚಿಯಿಂದ ಹೆಚ್ಚು ಬಂದುದು ಮಾತ್ರ ಆಯಾ ಸದಸ್ಯರಿಗೆ ಸೇರತಕ್ಕದ್ದು. ಈ ಬಾರಿ ಕಡಿಮೆ ಅಂಕ ಬಂದವರು ತಮ್ಮ ಮಾದರಿಯ ಬಟ್ಟಲಿನೆದುರು ಕುಳಿತು, ಎಲ್ಲಿ ಏನಾಯಿತೆಂದು ಕೇಳಿ ತಿಳಿಯುವ ಹಕ್ಕುಳ್ಳವರು.

ರುಚಿ ನೋಡುವ ಮೂವರಲ್ಲಿ ಒಂದು ಸ್ಥಾನವನ್ನು ಸದಸ್ಯರ ಮನೆಯ ಹೆಂಗಸರಿಗೆ ಮೀಸಲಿಡಬೇಕೆಂದೂ ಮಂಡಳಿ ತೀರ್ಮಾನಿಸಿದೆ. ಆಸಕ್ತರು ದೀಪಾವಳಿಯೊಳಗೆ ಕಛೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಎಲೆ ಅಡಿಕೆ ಹಾಕುವವರು ಪರೀಕ್ಷೆಯ ದಿನ ಬೆಳಗಿನಿಂದ ಅದನ್ನು ಬಿಟ್ಟಿರಬೇಕು.